ಪರದೆಯ ಈಚೆಗಿನ ಕೈಗಳು

ದೊಡ್ಡ ಸಿಸ್ಟರ್ ತೀರಿಕೊಂಡ ಸುದ್ದಿ ಬಂದಾಗ ಅವನು ಕೈ ತೊಳೆಯುತ್ತಿದ್ದ. ಬೆಳಗ್ಗೆ ಎಂಟೂಕಾಲು ಗಂಟೆ. ಆಪರೇಷನ್ ಥಿಯೇಟರಿನ ಹೊರಗಿನ ಉದ್ದನೆಯ ಸ್ಟೀಲ್ ತೊಟ್ಟಿಗೆ ಮೂರು ನಲ್ಲಿಗಳು, ಮೊಣಕೈಯಿಂದ ತಳ್ಳಿದರೆ ಬಿಡುವಂಥವು, ಮತ್ತೆ ತಳ್ಳಿದರೆ ನಿಲ್ಲುವಂಥವು. ನಡುವಿನದರ ಹಿಡಿ ಸಡಿಲವಾಗಿ ತಿಂಗಳಾಗಿತ್ತು, ಆದರೂ ಅವನು ಅಭ್ಯಾಸಬಲದಿಂದ ಅದರ ಮುಂದೆಯೇ ನಿಲ್ಲುತ್ತಿದ್ದ. ವಾರ್ಡಿಗೆ ಹೊಸದಾಗಿ ಬಂದ ನರ್ಸು ಬಾಗಿಲ ಸಂದಿಯಲ್ಲಿ ತಲೆಯಷ್ಟೇ ಹಾಕಿ, "ಸರ್, ದೊಡ್ಡ ಸಿಸ್ಟರ್ ಹೋಗ್ಬಿಟ್ರು. ಆರೂ ಮುಕ್ಕಾಲಿಗೆ" ಎಂದಳು. ಅವನು "ಹೂಂ" ಎಂದ. ಅವಳು ಹೋಗಲಿಲ್ಲ. ಅವನು ಎಡಗೈ ಹೆಬ್ಬೆರಳನ್ನು ಬಲಗೈ ಮುಷ್ಟಿಯಲ್ಲಿ ಹಿಡಿದು ತಿರುಗಿಸಿದ, ಬಲಗೈ ಹೆಬ್ಬೆರಳನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ತಿರುಗಿಸಿದ, ಮತ್ತೆ ಮೊದಲಿಂದ ಶುರುಮಾಡಿದ. ಸಾಬೂನಿನ ನೊರೆ ಎಂದೋ ಹೋಗಿ ಬರೀ ನೀರು ಬೀಳುತ್ತಿತ್ತು.

"ಸರ್, ಅವರಿಗೆ ಸೋಂಕು ಎಲ್ಲಿಂದ ಬಂತು ಅಂತ ವಿಚಾರಿಸೋ ನಾಳೆ ಎರಡು ಗಂಟೆ ಮೀಟಿಂಗ್‌ಗೆ ನನ್ನನ್ನೂ ಕರೆದಿದ್ದಾರೆ" ಎಂದಳು ಅವಳು. "ಆಪರೇಷನ್ ಆದ್ಮೇಲೆ ಮೂರು ದಿನ ಅವರ ಡ್ರಿಪ್ ಬದಲಾಯಿಸಿದ್ದು ನಾನೇ. ಕೈ ತೊಳೆದದ್ದಕ್ಕೆ ಗುರುತು ಹಾಕೋ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಎರಡು ಕಡೆ ಟಿಕ್ ಇಲ್ವಂತೆ. ನಾನು ಕೈ ತೊಳೆದೇ ತೊಳ್ದಿರ್ತೀನಿ ಸರ್. ಆದ್ರೆ ಈಗ ಕೂತು ನೆನೆಸ್ಕೊಂಡ್ರೆ ತೊಳೆದದ್ದು ಕಣ್ಣಿಗೆ ಕಾಣಿಸ್ತಾನೇ ಇಲ್ಲ." ಅವಳ ಕಣ್ಣುಗಳು ಕೆಂಪಾಗಿದ್ದವು. ಅವನ ಮಗಳಿಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಅವನಿಗೆ ಎಲ್ಲವೂ ಕಣ್ಣಿಗೆ ಕಾಣಿಸುತ್ತಿತ್ತು, ಹನ್ನೊಂದು ದಿನಗಳಿಂದ ಬೇರೇನೂ ಕಾಣಿಸಿರಲಿಲ್ಲ. ಆದರೂ "ನೋಡೋಣ, ಹೆದರ್ಕೋಬೇಡ" ಎಂದ. ನೋಡೋಣ ಎಂಬ ಮಾತು ಬಾಯಿಂದ ಬಿದ್ದ ಕೂಡಲೇ ಯಾರೋ ಅವನ ಕುತ್ತಿಗೆಯ ಹಿಂಭಾಗಕ್ಕೆ ತಣ್ಣನೆಯ ಬೆರಳಿಟ್ಟಂತಾಯಿತು. ಅವಳು ಹೋದಳು. ಮೊಣಕೈಯಿಂದ ನಲ್ಲಿ ತಳ್ಳಿದ, ನೀರು ನಿಲ್ಲಲಿಲ್ಲ. ಕೊನೆಗೆ ತೊಳೆದ ಕೈಯಿಂದಲೇ ಹಿಡಿ ತಿರುಗಿಸಿ ನಿಲ್ಲಿಸಬೇಕಾಯಿತು. ತಿರುಗಿಸಿದ ಮೇಲೆ ಕೈ ನೋಡಿಕೊಂಡ. ಮತ್ತೆ ಪಕ್ಕದ ನಲ್ಲಿಗೆ ಹೋಗಿ ಮೊದಲಿಂದ ತೊಳೆದ.

ಇಪ್ಪತ್ತಾರು ವರ್ಷ ಈ ಥಿಯೇಟರು ದೊಡ್ಡ ಸಿಸ್ಟರ ಅಂಕೆಯಲ್ಲಿತ್ತು. ನಿವೃತ್ತರಾಗಿ ಹನ್ನೆರಡು ವರ್ಷ ಕಳೆದರೂ ಇಲ್ಲಿ ಯಾರೂ ಮತ್ತೊಬ್ಬರನ್ನು ದೊಡ್ಡ ಸಿಸ್ಟರ್ ಎಂದು ಕರೆದಿರಲಿಲ್ಲ. ಬೆಳಗ್ಗೆ ಒಳಬಾಗಿಲಲ್ಲಿ ನಿಲ್ಲುತ್ತಿದ್ದರು. ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ. "ಕೈ?" ಎನ್ನುತ್ತಿದ್ದರು. ಎಂಥ ಹೆಸರುವಾಸಿ ಸರ್ಜನ್ ಆದರೂ ಶಾಲೆಯ ಮಕ್ಕಳ ಹಾಗೆ ಅಂಗೈ ತೋರಿಸಿ, ಮಗುಚಿ ಮುಂಗೈ ತೋರಿಸಿ ಒಳಗೆ ಹೋಗಬೇಕು. ಒಮ್ಮೆ ಒಬ್ಬರು ರೇಗಿ ಅಂಗೈಯನ್ನು ಅವರ ಮೂಗಿನ ಹತ್ತಿರ ಚಾಚಿದ್ದಕ್ಕೆ, "ನಿಮ್ಮ ಆಯುಷ್ಯದ ಗೆರೆ ಕೇಳ್ಲಿಲ್ಲ ಡಾಕ್ಟ್ರೇ, ಪೇಷಂಟಿನ ಆಯುಷ್ಯ ಕೇಳ್ದೆ" ಎಂದಿದ್ದರು. ಅವನು ಅರಿವಳಿಕೆ ವೈದ್ಯನಾಗಿ ಸೇರಿದ ಮೊದಲ ವಾರ ಅವನ ಮಣಿಕಟ್ಟಿಗೆ ಕತ್ತರಿಯ ಹಿಡಿಯಿಂದ ಟಕ್ ಎಂದು ಹೊಡೆದವರು ಅವರೇ. "ಸರ್ಜನ್ ಆದ್ರೆ ಮೊಣಕೈವರೆಗೂ ಉಜ್ಕೊಂಡು, ದೇವರ ಮುಂದೆ ಬಂದ ಹಾಗೆ ಎರಡೂ ಕೈ ಎತ್ಕೊಂಡು ಬರ್ತಾನೆ, ಇಡೀ ಥಿಯೇಟರ್ ನೋಡುತ್ತೆ. ನೀನು ಪರದೆಯ ಈಚೆ, ಪೇಷಂಟಿನ ತಲೆ ಹತ್ರ ನಿಂತ್ಕೋತೀಯ. ಬಾಯಿ ಮುಟ್ಟೋನು ನೀನು, ಮೂಗು ಮುಟ್ಟೋನು ನೀನು, ಅದೇ ಕೈಯಲ್ಲಿ ರಕ್ತಕ್ಕೆ ಔಷಧಿ ಬಿಡೋನೂ ನೀನೇ. ನಿನ್ನ ಕೈ ಯಾರು ನೋಡ್ತಾರೆ ಹೇಳು?" ಎಂದಿದ್ದರು. ಆಮೇಲೆ ಎರಡು ಜೊತೆ ಗ್ಲೌಸು ಒಂದರ ಮೇಲೊಂದು ಹಾಕಿಸಿ, ಉಸಿರಿನ ನಳಿಕೆ ಗಂಟಲಿಗೆ ಇಳಿದ ಮರುಕ್ಷಣ ಮೇಲಿನ ಜೊತೆಯನ್ನು ಕಳಚಿ ಎಸೆಯುವುದನ್ನು ಕಲಿಸಿದರು. ಅದಕ್ಕೆ ಅವರದೇ ಹೆಸರಿತ್ತು, ಸಿಪ್ಪೆ. "ಸಿಪ್ಪೆ ಸುಲಿಯೋ" ಎಂದು ಪರದೆಯ ಆಚೆಯಿಂದಲೇ ಕೂಗುತ್ತಿದ್ದರು. ಕಾಣದೆಯೂ ಅವರಿಗೆ ಹೇಗೆ ಗೊತ್ತಾಗುತ್ತಿತ್ತೋ. ಗ್ಲೌಸು ಕಳಚುವ ಆ ಫಟ್ ಶಬ್ದಕ್ಕೆ ಕಾಯುತ್ತಿದ್ದರೇನೋ.

ಒಳಗೆ ಮೊದಲ ರೋಗಿ ಒಬ್ಬ ಮೇಷ್ಟ್ರು, ಹರ್ನಿಯಾ ಆಪರೇಷನ್ನಿಗೆ ಬಂದವರು. ಮಲಗಿದಲ್ಲೇ ಅವನ ಮುಖವನ್ನು ತಲೆಕೆಳಗಾಗಿ ನೋಡುತ್ತ, "ಎಲ್ಲ ಸರಿ ಹೋಗುತ್ತಲ್ವಾ ಡಾಕ್ಟ್ರೇ?" ಎಂದರು. ಅವನು ತಲೆಯಾಡಿಸಿದ. ಕೈ ಶುದ್ಧ ಮಾಡಿಕೊಳ್ಳುವ ಸ್ಪಿರಿಟ್ ಬಾಟಲಿ ಇವತ್ತು ಕೈಗೆಟುಕುವಲ್ಲೇ ಇತ್ತು, ಅರಿವಳಿಕೆ ಯಂತ್ರದ ಬಲಕ್ಕೆ, ಕೊಕ್ಕೆಯಲ್ಲಿ. ಒತ್ತಿದ, ತಿಕ್ಕಿದ, ಎರಡು ಸಿಪ್ಪೆ ಹಾಕಿದ, ನಳಿಕೆ ಇಳಿಸಿದ, ಒಂದು ಸಿಪ್ಪೆ ಸುಲಿದ, ಯಂತ್ರದ ಗುಂಡಿ ತಿರುಗಿಸಿದ, ಉಳಿದದ್ದನ್ನೂ ಸುಲಿದ, ಒತ್ತಿದ, ತಿಕ್ಕಿದ. ತೊಳೆದು ತೊಳೆದು ಬಿರಿದ ಅವನ ಕೈಯ ಚರ್ಮಕ್ಕೆ ಸ್ಪಿರಿಟ್ ತಾಗಿ ಉರಿಯಿತು. ಕಣ್ಣಲ್ಲಿ ನೀರು ತುಂಬಿದ್ದು ಉರಿಗೋ ಸುದ್ದಿಗೋ ತಿಳಿಯದೆ, ಉರಿಗೇ ಇರಲಿ ಎಂದು ಮತ್ತೊಮ್ಮೆ ಒತ್ತಿದ. ಇಪ್ಪತ್ತು ವರ್ಷದಿಂದ ಅವನ ಜೊತೆ ಕೆಲಸ ಮಾಡಿದ ಸಹಾಯಕಿ, "ಸರ್, ಆ ಬಾಟಲಿಯನ್ನ ಕೊರಳಿಗೇ ಕಟ್ಕೊಂಬಿಡಿ" ಎಂದಳು. ಪರದೆಯ ಆಚೆ ಸರ್ಜನ್ ತಲೆಯೆತ್ತದೆ ನಕ್ಕ. "ನಿದ್ದೆ ಡಾಕ್ಟ್ರಿಗೆ ಇವತ್ತು ಏನೋ ಆಗಿದೆ. ಚರ್ಮ ಸ್ವಲ್ಪ ಉಳಿಸ್ಕೊಳ್ರಿ, ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ." ಎಲ್ಲರೂ ನಕ್ಕರು, ಅವನೂ ನಕ್ಕ. ಮಾಸ್ಕಿನ ಒಳಗೆ ನಗು ಬಿಸಿಯಾಗಿ ತುಟಿಗೆ ಅಂಟಿಕೊಂಡಿತು.

ಹನ್ನೊಂದು ದಿನದ ಹಿಂದೆ ಇದೇ ಮೇಜಿನ ಮೇಲೆ ದೊಡ್ಡ ಸಿಸ್ಟರ್ ಮಲಗಿದ್ದರು. ಕರುಳಿನಲ್ಲಿ ಗಡ್ಡೆ, ನಿಂಬೆಹಣ್ಣಿನಷ್ಟು. ಬೇರೆಡೆ ಹೋಗಲು ಮಗಳು ಎಷ್ಟು ಹೇಳಿದರೂ, ನನ್ನ ಥಿಯೇಟರು ನನಗಿದೆ, ನನ್ನನ್ನ ಮಲಗಿಸೋಕೆ ಅವನಿದ್ದಾನೆ ಎಂದು ಹಟ ಮಾಡಿದ್ದರು. "ಲೋ, ಕೆಳಗಿಂದ ನೋಡಿದ್ರೆ ನಿನ್ನ ಮೂಗು ಇಷ್ಟು ದಪ್ಪ ಅಂತ ಗೊತ್ತಿರ್ಲಿಲ್ಲ ಕಣೋ" ಎಂದರು. ಸಹಾಯಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಮೇಲೆ ಉಸಿರಿನ ಮಾಸ್ಕು ಮುಖದ ಹತ್ತಿರ ಬಂದಾಗ, ಎಪ್ಪತ್ತೆರಡು ವರ್ಷದ ಆ ಕಣ್ಣುಗಳು ಒಮ್ಮೆ ಹಳೆಯ ಚುರುಕಿಗೆ ಬಂದವು. "ಕೈ?" ಎಂದರು. "ಆಯ್ತಕ್ಕ" ಎಂದ ಅವನು; ಅವನ ಬಾಯಲ್ಲಿ ಅವರು ಮೊದಲಿಂದಲೂ ಅಕ್ಕ.

ಆಗಿರಲಿಲ್ಲ. ಹಿಂದಿನ ರೋಗಿಯ ಗಾಡಿ ತಳ್ಳಿಕೊಂಡು ಹೋಗಿ ಬಂದ ಕೈ ಅದು. ದಾರಿಯಲ್ಲಿ ಮೊಬೈಲ್ ತೆಗೆದು ನೋಡಿದ್ದ, ಮಾಸ್ಕ್ ಜಾರಿಸಿ ಮೂಗು ಕೆರೆದುಕೊಂಡಿದ್ದ, ಔಷಧಿಯ ಡ್ರಾಯರು ಎಳೆದಿದ್ದ. ಕೊಕ್ಕೆಯಲ್ಲಿ ಬಾಟಲಿ ಇರಲಿಲ್ಲ. ಹೊಸ ಕ್ಯಾಮೆರಾದ ಎತ್ತರದ ಸ್ಟ್ಯಾಂಡಿಗೆ ಜಾಗ ಮಾಡಲು ಯಾರೋ ಅದನ್ನು ಹಿಂದಿನ ಗೋಡೆಗೆ ಸಾಗಿಸಿದ್ದರು, ನಾಲ್ಕು ಹೆಜ್ಜೆ, ನಡುವೆ ಎರಡು ವೈರು ದಾಟಬೇಕು. ಅಷ್ಟರಲ್ಲೇ ಸರ್ಜನ್, "ಶುರು ಮಾಡೋಣ್ವಾ?" ಎಂದಿದ್ದ. ಗ್ಲೌಸ್ ಹಾಕ್ಕೊಳ್ತೀನಲ್ಲ ಎಂದುಕೊಂಡು ಒಂದೇ ಜೊತೆ ಹಾಕಿದ. ನಾಲ್ಕು ಹೆಜ್ಜೆ. ಹತ್ತು ಸೆಕೆಂಡು. ಪ್ರತಿ ಬೆಳಗ್ಗೆ ಪ್ರಾರ್ಥನೆಗೆ ನಿಲ್ಲುವ ಮುನ್ನ ಮೊಣಕೈವರೆಗೂ ಕೈ ತೊಳೆಯುವವನು, ಆತುರದಲ್ಲಿ ಒಂದು ದಿನವೂ ತಪ್ಪಿಸದವನು. ಕಾಣದ ದೇವರಿಗೆ ತೊಳೆದ ಕೈ ಕಣ್ಣೆದುರು ಮಲಗಿ ಕೇಳಿದವರಿಗೆ ತೊಳೆಯಲಿಲ್ಲ. ನಳಿಕೆ ಇಳಿಯಿತು. ಎಂಜಲು ಹತ್ತಿದ ಗ್ಲೌಸು ಹಾಗೇ ಇತ್ತು. ಅಷ್ಟರಲ್ಲಿ ಯಂತ್ರ ಕೂಗಿತು, ಬಿ.ಪಿ. ಅರವತ್ತಕ್ಕೆ ಇಳಿದಿತ್ತು. ಆಮೇಲೆ ನಡೆದದ್ದನ್ನು ಅವನ ಮನಸ್ಸು ದಿನಕ್ಕೆ ನೂರು ಸಲ ಮಾಡಿ ತೋರಿಸುತ್ತಿತ್ತು. ಅದೇ ಕೈ ಡ್ರಾಯರಿಗೆ, ಅದೇ ಕೈ ಸಿರಿಂಜಿಗೆ, ಅದೇ ಕೈ ಅವರ ಮುಂಗೈಯ ನಳಿಕೆಗೆ ಸೇರಿಸಿದ ಮೂರು ಬಾಯಿಯ ಪುಟ್ಟ ನಲ್ಲಿಗೆ. ಅದರ ಮುಚ್ಚಳ ತಿರುಗಿಸಿ ದಿಂಬಿನ ಮೇಲಿಟ್ಟದ್ದು. ಸ್ಪಿರಿಟ್ ಹತ್ತಿಯ ಪೊಟ್ಟಣ ಅಲ್ಲೇ ಇದ್ದರೂ ಒರೆಸದೆ ಔಷಧಿ ನೂಕಿದ್ದು. ಅದೇ ಮುಚ್ಚಳವನ್ನು ಮತ್ತೆ ಹಾಕಿದ್ದು. ಬಿ.ಪಿ. ಏರಿತು. "ಭೇಷ್" ಎಂದ ಸರ್ಜನ್ ಪರದೆಯ ಆಚೆಯಿಂದ. ಹೌದು, ಆಗ ಅವನಿಗೆ ಹೆಮ್ಮೆಯಾಗಿತ್ತು. ಹತ್ತಿಯಿಂದ ಒರೆಸುತ್ತ ಕೂತಿದ್ದರೆ ಆ ಜೀವ ಅಲ್ಲೇ ಹೋಗುತ್ತಿತ್ತು ಎಂದು ಅವನು ಈಚೆಗೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆದರೆ ಸಿಪ್ಪೆ ಸುಲಿಯಲು ಎಷ್ಟು ಹೊತ್ತು? ಒಂದು ಫಟ್.

ಮತ್ತೆ ಇದು. ಬಿ.ಪಿ. ಏರಿದ ಮೇಲೆ ಬಾಗಿಲು ತೆರೆದು ಸೋಂಕಿನ ಸಿಸ್ಟರ್ ಬಂದಳು. ಸೋಂಕು ತಡೆಯುವ ಕೆಲಸ ಅವಳದು, ಎಲ್ಲರೂ ಕರೆಯುವುದು ಮಾತ್ರ ಅವಳೇ ಹರಡುವವಳು ಎಂಬಂತೆ. ಯಾರು ಯಾವಾಗ ಕೈ ಶುದ್ಧ ಮಾಡಿಕೊಂಡರು ಎಂದು ಗುರುತು ಹಾಕುವ ಹಾಳೆ ಹಿಡಿದು ಮೂಲೆಯಲ್ಲಿ ನಿಂತುಕೊಳ್ಳುತ್ತಾಳೆ. ಅವಳನ್ನು ಕಂಡದ್ದೇ ಅವನ ಕಾಲುಗಳು ತಾವಾಗಿಯೇ ನಡೆದವು. ಎರಡು ವೈರು ದಾಟಿ, ನಾಲ್ಕು ಹೆಜ್ಜೆ. ಗ್ಲೌಸು ಕಳಚಿ, ಬಾಟಲಿ ಒತ್ತಿ, ಗೋಡೆಯ ಚಿತ್ರಪಟದಲ್ಲಿ ತೋರಿಸಿದಂತೆ ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲವನ್ನೂ ತಿಕ್ಕಿದ. ಅವಳು ಮೆಚ್ಚಿ ತಲೆಯಾಡಿಸಿ ಟಿಕ್ ಹಾಕಿದಳು. ಆ ನಾಲ್ಕು ಹೆಜ್ಜೆ ಅಷ್ಟು ಹಗುರಾಗಿದ್ದುದೇ ಅವನನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತಿತ್ತು.

ಎರಡನೆಯ ದಿನ ವಾರ್ಡಿಗೆ ಹೋದಾಗ ಅಕ್ಕ ದಿಂಬಿಗೆ ಒರಗಿ ಕೂತಿದ್ದರು. "ಚೆನ್ನಾಗಿ ನಿದ್ದೆ ಮಾಡಿಸ್ದೆ ಕಣೋ. ಒಂದು ಕನಸೂ ಬೀಳ್ಲಿಲ್ಲ" ಎಂದು ಅವನ ಕೈ ಹಿಡಿದುಕೊಂಡರು. ಮೂರನೆಯ ದಿನ ಮುಂಗೈಯಲ್ಲಿ ನಳಿಕೆಯಿದ್ದ ಜಾಗ ಕೆಂಪಗಾಯಿತು, ನಾಲ್ಕನೆಯ ದಿನ ಮಂಚ ಅಲುಗುವಂಥ ಚಳಿಜ್ವರ. ಆಪರೇಷನ್ ಗಾಯ ಕೊನೆಯವರೆಗೂ ಒಣಗಿ ಚೊಕ್ಕಟವಾಗಿತ್ತು. ರಕ್ತದಲ್ಲಿ ಬೆಳೆದ ಜೀವಿಯೇ ಬೇರೆ, ಚರ್ಮದ ಮೇಲೆ, ಮೂಗಿನಲ್ಲಿ, ಕೈಯಲ್ಲಿ ಬದುಕುವಂಥದ್ದು. ಯಾರ ಕೈ ಎಂದು ಅದರ ಮೇಲೆ ಬರೆದಿರುವುದಿಲ್ಲ. ವಾರ್ಡಿನಲ್ಲಿ ಆಗಿರಬಹುದು. ಆ ಹೊಸ ನರ್ಸು ನಿಜಕ್ಕೂ ತೊಳೆದಿರದೇ ಇರಬಹುದು. ಈ ಇರಬಹುದು ಎನ್ನುವುದನ್ನು ಬಾಯಲ್ಲಿ ಇಟ್ಟುಕೊಂಡು ಚೀಪಿದರೆ ಒಂದು ಗಳಿಗೆ ಸಿಹಿ, ಆಮೇಲೆ ಎದ್ದು ಹೋಗಿ ಮತ್ತೆ ಕೈ ತೊಳೆಯುತ್ತಿದ್ದ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಸೋಂಕಿನ ಸಿಸ್ಟರೇ ಅವನ ಕೋಣೆಗೆ ಬಂದಳು. ಹಾಳೆಗಳ ಫೈಲು ಎದೆಗವಚಿಕೊಂಡಿದ್ದಳು. "ಸರ್, ನಿಮ್ಮ ಕಡೆ ಏನೂ ತೊಂದ್ರೆ ಇಲ್ಲ. ಆವತ್ತು ನಾನೇ ಅಲ್ಲಿದ್ನಲ್ಲ. ನೀವು ತಿಕ್ಕಿದ ರೀತಿ ನೋಡಿ, ಹೊಸಬರಿಗೆ ಇದನ್ನೇ ವೀಡಿಯೋ ಮಾಡಿ ತೋರಿಸ್ಬೇಕು ಅಂದ್ಕೊಂಡೆ. ವಾರ್ಡಿನ ಹುಡುಗೀದೇ ಕಷ್ಟ. ಟಿಕ್ ಇಲ್ಲ ಅಂದ್ರೆ ನಾನೇನು ಮಾಡ್ಲಿ?" ಅವನು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದು ಹಾಕಿದ, ತೆಗೆದು ಹಾಕಿದ. ಮುಚ್ಚಳ. ಅದನ್ನು ಕೈಬಿಟ್ಟ. "ಎಷ್ಟು ಹೊತ್ತಿಗೆ ಬಂದ್ರಿ ಸಿಸ್ಟರ್ ಆವತ್ತು?" ಎಂದು ಕೇಳಿದ. ಅವಳು ಹಾಳೆ ನೋಡಿ, "ಒಂಬತ್ತು ಮೂವತ್ನಾಲ್ಕು" ಎಂದಳು. ಅವರನ್ನು ಮಲಗಿಸಿದ್ದು ಒಂಬತ್ತು ಇಪ್ಪತ್ತೈದಕ್ಕೆ ಎಂದು ಅರಿವಳಿಕೆಯ ದಾಖಲೆಯಲ್ಲಿ ಅವನದೇ ಕೈಬರಹದಲ್ಲಿತ್ತು. ನಡುವೆ ಒಂಬತ್ತು ನಿಮಿಷ. ಅವಳು ಫೈಲು ಮುಚ್ಚಿದಳು. ಬಾಗಿಲವರೆಗೆ ಹೋದವಳು ತಿರುಗಿ, "ನನಗೂ ಟ್ರೇನಿಂಗ್ ಕೊಟ್ಟೋರು ದೊಡ್ಡ ಸಿಸ್ಟರೇ ಸರ್. ನೀವು ಅವರ ಮನೆಗೆ ಹೋದ್ರೆ ಒಂದು ನಮಸ್ಕಾರ ತಿಳಿಸಿ" ಎಂದಳು. ಸತ್ತವರಿಗೆ ನಮಸ್ಕಾರ ತಿಳಿಸಿ ಎಂದದ್ದು ಅವಳಿಗೇ ಆಮೇಲೆ ಹೊಳೆದು ತುಟಿ ಕಚ್ಚಿಕೊಂಡು ಹೋದಳು.

ಸಂಜೆ ಅವರ ಮನೆಗೆ ನಡೆದುಕೊಂಡೇ ಹೋದ. ಬಸ್ಸಿನಲ್ಲಿ ಕಂಬಿ ಹಿಡಿಯಬೇಕಾಗುತ್ತದೆ ಎನ್ನಿಸಿತ್ತು. ರಸ್ತೆಯ ಗೇಟುಗಳು, ಅಂಗಡಿಗಳ ಬಾಗಿಲ ಹಿಡಿಗಳು, ಮಗುವಿನ ಬಾಯಿ ಒರೆಸಿ ಅದೇ ಕೈಯಿಂದ ಚಿಲ್ಲರೆ ತೆಗೆದುಕೊಂಡ ತಾಯಿ; ಲೋಕವೆಲ್ಲ ಒಬ್ಬರನ್ನೊಬ್ಬರು ಮುಟ್ಟಿಕೊಂಡೇ ನಡೆಯುತ್ತಿತ್ತು, ಯಾರೂ ಸಾಯುತ್ತಿರಲಿಲ್ಲ. ಮನೆ ಎರಡನೆಯ ಮಹಡಿಯಲ್ಲಿ. ಮೆಟ್ಟಿಲ ಕಂಬಿಯನ್ನು ಮುಟ್ಟದೆ ಹತ್ತಿದ. ಹಾಲ್‌ನಲ್ಲಿ ಅಕ್ಕನನ್ನು ಬಿಳಿಯ ಬಟ್ಟೆ ಹೊದಿಸಿ ಮಲಗಿಸಿದ್ದರು. ಮುಖ ಕೊಂಚ ಬಾತುಕೊಂಡಿತ್ತು. ಮುಂಗೈ ಬಟ್ಟೆಯ ಒಳಗಿತ್ತು, ಅಷ್ಟು ಪುಣ್ಯ. ಅಕ್ಕನ ಗಂಡ, ಅವನು ಭಾವ ಎಂದೇ ಕರೆಯುವವರು, ಒಬ್ಬರೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮೂವತ್ತೈದು ವರ್ಷ ಬಸ್ಸು ಓಡಿಸಿದವರು, ಈಗಲೂ ಕೈಗಳನ್ನು ಸ್ಟೀರಿಂಗ್ ಹಿಡಿದಂತೆ ಮಂಡಿಗಳ ಮೇಲೆ ಅಗಲಿಸಿ ಇಟ್ಟಿದ್ದರು. ಪಕ್ಕದ ಮನೆಯವರು ಬಂದು ಹೋಗಿದ್ದರು, ಮಗಳು ರೈಲಿನಲ್ಲಿದ್ದಳು, ಬೆಳಗ್ಗೆ ಬರುವವಳಿದ್ದಳು.

"ಬಾ, ಕೂತ್ಕೋ" ಎಂದರು. "ನೀನು ಬರೋದನ್ನೇ ಕಾಯ್ತಿದ್ದೆ. ಒಂದು ಮಾತು ಕೇಳ್ಬೇಕಿತ್ತು."

"ಕೇಳಿ ಭಾವ."

"ಜ್ವರ ಬಂದ್ಮೇಲೆ ಅವಳ ಮಾತು ಅವಳದ್ದಾಗಿರ್ಲಿಲ್ಲ, ಏನೇನೋ ಅಂದ್ಲು. ಅದು ಬಿಡು. ಥಿಯೇಟರ್ ಒಳಗೆ ನಿನ್ನ ಹತ್ರ ಏನಂದ್ಲು? ನನ್ನನ್ನ ಬಾಗಿಲಲ್ಲೇ ನಿಲ್ಲಿಸ್ಬಿಟ್ರು. ಹೆದರಿದ್ಲಾ?"

"ಇಲ್ಲ ಭಾವ. ನನ್ನ ಮೂಗು ದಪ್ಪ ಅಂದ್ರು."

ಭಾವನ ಮುಖ ಅರಳಿತು. "ಅಂದಿರ್ತಾಳೆ. ಆಮೇಲೆ?"

"ಆಮೇಲೆ, ಕೈ, ಅಂದ್ರು."

ಮುದುಕ ಕುಲುಕುಲು ನಕ್ಕರು, ನಗುನಗುತ್ತಲೇ ಕಣ್ಣು ಒರೆಸಿಕೊಂಡರು. "ನಲವತ್ತೇಳು ವರ್ಷ ಅದನ್ನೇ ಕೇಳಿದ್ದಾಳೆ ನನ್ನನ್ನ. ಡಿಪೋದಿಂದ ಬಂದು ಒಳಗೆ ಕಾಲಿಡೋ ಹಾಗಿಲ್ಲ, ಕೈ? ಎಷ್ಟೋ ದಿನ ಆಯ್ತು ಕಣೇ ಅಂತ ಸುಳ್ಳು ಹೇಳಿ ತಟ್ಟೆ ಮುಂದೆ ಕೂತಿದ್ದೀನಿ. ಅವಳಿಗೆ ಗೊತ್ತಾಗ್ತಿತ್ತು, ಊಟ ಮುಗಿದ್ಮೇಲೆ ಹೇಳೋಳು. ನೀನೇನಂದೆ?"

ಇಲ್ಲಿ ಸುಮ್ಮನಿದ್ದುಬಿಡಬಹುದಿತ್ತು. ಮುದುಕ ತಾವೇ ಅವನಿಗೆ ದಾರಿ ಮಾಡಿಕೊಟ್ಟಿದ್ದರು, ಆ ನಗುವಿನ ಒಳಗೆ ನುಸುಳಿ ಆಚೆ ಹೋಗಬಹುದಿತ್ತು. ಅವನು ನೆಲದ ಟೈಲ್ಸಿನ ಗೆರೆಯನ್ನೇ ನೋಡುತ್ತ, "ಆಯ್ತಕ್ಕ ಅಂದೆ. ಆಗಿರ್ಲಿಲ್ಲ ಭಾವ" ಎಂದ. ಆಮೇಲೆ ಬಾಯಿ ನಿಲ್ಲಲಿಲ್ಲ. ಬಾಟಲಿ, ನಾಲ್ಕು ಹೆಜ್ಜೆ, ಎಂಜಲು ಗ್ಲೌಸು, ಮುಚ್ಚಳ, ಟಿಕ್, ವಾರ್ಡಿನ ಹುಡುಗಿ, ಎಲ್ಲವನ್ನೂ ಹೇಳಿದ. ಅದರಿಂದಲೇ ಹೀಗಾಯಿತು ಎಂದು ಯಾರೂ ಹೇಳಲಾರರು ಎಂಬುದನ್ನೂ ಹೇಳಿದ. ಹೇಳಿದ ಮೇಲೆ ಅದನ್ನು ಸೇರಿಸಬಾರದಿತ್ತು ಎನ್ನಿಸಿತು. ಭಾವನ ಕೈಗಳು ಮಂಡಿಯ ಮೇಲೆ ಅಲುಗಲಿಲ್ಲ. ಕೆಳಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು, ಒದೆಯುತ್ತಲೇ ಇದ್ದರು.

ಮುದುಕ, "ನಾನು ಹೇಳಿದ ಸುಳ್ಳಿಗೆ ನನ್ನ ಹೊಟ್ಟೆ ಕೆಡ್ತಿತ್ತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ನನಗೆ ಹೇಳಿ ಹಗುರಾಗೋಣ ಅಂತ ಬಂದ್ಯಾ?"

"ಗೊತ್ತಿಲ್ಲ ಭಾವ."

"ಕ್ಷಮಿಸ್ದೆ ಅಂತ ನನ್ನ ಬಾಯಿಂದ ಇವತ್ತು ಬರಲ್ಲ. ಮುಂದೆ ಯಾವತ್ತಾದ್ರೂ ಬಂದ್ರೆ ಬರ್ಲಿ. ಆ ಹುಡುಗಿ ಮನೇಲಿ ಅಳ್ತಾ ಕೂತಿರ್ತಾಳೆ ಈಗ. ಫೋನ್ ಮಾಡು."

"ನಾಳೆ ಮೀಟಿಂಗ್‌ನಲ್ಲಿ ಹೇಳ್ತೀನಿ."

"ಈಗ ಮಾಡು. ಇವಳ ಮುಂದೆ ಮಾಡು. ಬೆಳಗಾದ್ರೆ ನಿನ್ನ ಬಾಯಿಗೆ ಬೇರೆ ಮಾತು ಬರುತ್ತೆ."

ಅವನು ಮೊಬೈಲ್ ತೆಗೆದ. ಆವತ್ತು ತೆಗೆದ ಅದೇ ಮೊಬೈಲ್. ಸೋಂಕಿನ ಸಿಸ್ಟರ್ ಎತ್ತಿಕೊಂಡಳು, ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. "ಸಿಸ್ಟರ್, ನೀವು ನೋಡಿದ್ದು ಒಂಬತ್ತು ಮೂವತ್ನಾಲ್ಕರ ಕೈ. ಒಂಬತ್ತು ಇಪ್ಪತ್ತೈದಕ್ಕೆ ನಾನು ಕೈ ಶುದ್ಧ ಮಾಡ್ಕೊಂಡಿರ್ಲಿಲ್ಲ. ನೀವು ಬಂದ್ರಿ ಅಂತ ಮಾಡ್ಕೊಂಡೆ. ನಾಳೆ ಎಲ್ಲರ ಮುಂದೆ ಹೇಳ್ತೀನಿ, ಆದ್ರೆ ಇವತ್ತೇ ಬರ್ಕೊಳ್ಳಿ. ವಾರ್ಡಿನ ಆ ಹುಡುಗಿಗೂ ಈಗಲೇ ತಿಳಿಸ್ತೀನಿ, ಅವಳ ನಂಬರ್ ಕೊಡಿ." ಆ ಕಡೆ ಪೆನ್ನು ಹುಡುಕಿದ ಸದ್ದಾಯಿತು. ಆಮೇಲೆ, "ಬರ್ಕೊಂಡೆ ಸರ್" ಎಂದಳು, ಬಹಳ ಮೆಲ್ಲಗೆ, ಮತ್ತೆ ಒಂದೊಂದೇ ಅಂಕಿ ಹೇಳತೊಡಗಿದಳು. ಹುಡುಗಿಗೂ ಹೇಳಿ ಮುಗಿಸಿದಾಗ ಅವನ ಬೆನ್ನು ಪೂರಾ ಒದ್ದೆಯಾಗಿತ್ತು. ನಿರಾಳವೇನೂ ಆಗಲಿಲ್ಲ. ನಾಳೆಯ ಎರಡು ಗಂಟೆ ಈಗ ಇನ್ನೂ ಹತ್ತಿರ ಬಂದು ನಿಂತಿತ್ತು.

"ಅವಳಿಗೋಸ್ಕರ ಒಂದು ಪ್ರಾರ್ಥನೆ ಹೇಳೋಣ" ಎಂದರು ಭಾವ, ಕುರ್ಚಿಯ ತೋಳು ಹಿಡಿದು ಕಷ್ಟಪಟ್ಟು ಏಳುತ್ತ. "ಮೊದಲು ಕೈ ತೊಳ್ಕೊಂಡು ಬಾ."

ಬಚ್ಚಲಿನಲ್ಲಿ ಅವರ ಸಾಬೂನು ಇತ್ತು, ಸವೆದು ನಡುವೆ ಬಾಗಿ ತೆಳುವಾದ ಬಿಲ್ಲೆ. ಅದನ್ನು ಮುಟ್ಟಲು ಅವನು ಹಿಂಜರಿದ, ಮತ್ತೆ ತೆಗೆದುಕೊಂಡ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು, ಮಣಿಕಟ್ಟು. ಮೂಲೆಯಲ್ಲಿ ಯಾರೂ ನಿಂತಿರಲಿಲ್ಲ. ಹೊರಗೆ ಬಂದಾಗ ಭಾವ ಅವನ ಕೈಯನ್ನೇ ನೋಡಿದರು. ಅವನು ಅಂಗೈ ತೋರಿಸಿದ, ಮಗುಚಿ ಮುಂಗೈ ತೋರಿಸಿದ. ಬೆರಳ ತುದಿಯಿಂದ ನೀರು ತೊಟ್ಟಿಕ್ಕಿತು. ಮುದುಕ ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಅವನು ಹಸಿಗೈಗಳನ್ನು ಜೋಡಿಸಿ ಅಕ್ಕನ ತಲೆಯ ಬಳಿ ನಿಂತ, ಜೀವನವಿಡೀ ನಿಂತ ಜಾಗ ಅದೇ. ಬಾಯಿಪಾಠದ ಪ್ರಾರ್ಥನೆ ಯಾವುದೂ ನೆನಪಾಗಲಿಲ್ಲ. ನೆನಪಾಗದೆ, ತುಟಿಗೆ ಬಂದದ್ದನ್ನೇ ಹೇಳಿದ.

ದೇವರೇ, ಇವರು ಎಲ್ಲರ ಕೈಯನ್ನೂ ನೋಡಿದರು. ಯಾರೂ ನೋಡದ ಕಡೆ ನಿಂತವರ ಕೈಯನ್ನೂ ನೋಡಿದರು. ಕೊನೆಗೆ ನನ್ನನ್ನು ನಂಬಿ ಕಣ್ಣು ಮುಚ್ಚಿದರು. ನನ್ನ ಕೈಯನ್ನು ನೀನು ನಾಳೆ ನೋಡು, ಮುಂದೆ ಎಂದಾದರೂ ನೋಡು, ನಾನು ಬಚ್ಚಿಡುವುದಿಲ್ಲ. ಇವತ್ತು ಇವರನ್ನು ನೋಡು. ಮುಂಗೈಯ ಆ ನೋವನ್ನು ತೆಗೆದುಬಿಡು, ಜ್ವರದ ಮಾತುಗಳನ್ನು ಮರೆಸಿಬಿಡು. ಎಂಜಲಾಗದ ನಿನ್ನ ಕೈಯಿಂದ ಇವರನ್ನು ಎತ್ತಿಕೋ. ಒಂದು ಕನಸೂ ಬೀಳದಂಥ ನಿದ್ದೆ ಕೊಟ್ಟು ಮಲಗಿಸು. ಇವರ ಆತ್ಮಕ್ಕೆ ಶಾಂತಿ ಕೊಡು.